ಒರತೆಯ ಮೇಲಿನ ಗುಂಡಿಗಳು

ನನಗೆ ಚೊಕ್ಕಟದ ಹುಚ್ಚು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಹೇಳಲಿರುವ ತಪ್ಪಿನ ಬೇರು ಇಲ್ಲೇ ಇದೆ. ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನವೇ ಒಲೆಯ ಹಿಂದಿನ ಗೋಡೆಯ ಮಸಿ ಕೆರೆಯಲು ಕೂತವಳು ನಾನು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇವ್ಳು ನಮ್ಮನ್ನೂ ತೊಳ್ದು ಒಣಗಾಕ್ಬುಡ್ತಾಳೆ ಕಣ್ರೋ" ಎಂದು ನಕ್ಕಿದ್ದರು. ನಮ್ಮ ಮನೆ ಬೆಳಗೋಡಿನ ಕಡೆ. ಕೆಳಗೆ ಗದ್ದೆ, ಮೇಲೆ ಕಾಫಿ ತೋಟ, ನಡುವೆ ಮನೆ. ನಾನು ಬಂದದ್ದು ಆಲೂರಿನ ಆಚೆ, ಕುಂದೂರಿನ ಕಡೆಯಿಂದ. ತವರಿನಲ್ಲಿ ಬಾವಿಗೆ ಹಗ್ಗ ಬಿಟ್ಟು ಸೇದಿ ಸೇದಿ ನನ್ನ ಅಂಗೈ ದಡ್ಡುಗಟ್ಟಿತ್ತು. ಇಲ್ಲಿ ನೀರು ಯಾರೂ ಕರೆಯದಿದ್ದರೂ ಹಿತ್ತಲಿಗೆ ಬರುತ್ತಿತ್ತು. ಮೊದಲ ವಾರ ನಾನು ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಆ ನೀರಿನ ಹತ್ತಿರವೇ ಕೂತಿರುತ್ತಿದ್ದೆ.

ಒರತೆ ಇರುವುದು ಮನೆಯ ಹಿಂದೆ, ತೋಟದ ಏರಿನಲ್ಲಿ, ಒಂದು ಹಳೆಯ ಹಲಸಿನ ಮರದ ಬುಡದಲ್ಲಿ. ಬಂಡೆಯ ಸಂದಿನಿಂದ ಸದ್ದಿಲ್ಲದೆ ಜಿನುಗುವ ನೀರು, ಅದನ್ನು ಹಿಡಿದಿಡಲು ಕಲ್ಲು ಕಟ್ಟಿದ ತೊಟ್ಟಿ. ಆಗ ಅಲ್ಲಿಂದ ಸೀಳಿದ ಬಿದಿರಿನ ದಬ್ಬೆಗಳು ಒಂದರ ಬಾಯಿಗೊಂದು ಸೇರಿಕೊಂಡು ನಮ್ಮ ಹಿತ್ತಲಿಗೆ ಇಳಿಯುತ್ತಿದ್ದವು. ತೊಟ್ಟಿ ತುಂಬಿ ಚೆಲ್ಲಿದ ನೀರು ಇನ್ನೊಂದು ಸಾಲು ದಬ್ಬೆಯಲ್ಲಿ ಲೈನಿಗೆ, ಅಂದರೆ ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ನಾಲ್ಕು ಮನೆಗಳಿಗೆ ಹೋಗುತ್ತಿತ್ತು. ಮಿಕ್ಕಿದ್ದು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಮನೆಗೆ ಯಾರೇ ಬಂದರೂ ಅತ್ತೆ ಕಾಫಿಗಿಂತ ಮೊದಲು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು ತಂದಿಟ್ಟು, "ಮೊದ್ಲು ನೀರ್ ಕುಡೀರಿ, ಸುದ್ದಿ ಆಮ್ಯಾಕೆ" ಎನ್ನುತ್ತಿದ್ದರು. ಕುಡಿದವರು ನೀರನ್ನು ಹೊಗಳದೆ ಸುದ್ದಿ ಶುರುಮಾಡಿದರೆ ಅತ್ತೆಯ ಮುಖ ಸಣ್ಣಗಾಗುತ್ತಿತ್ತು.

ಈ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಒಂದು ಪದ್ಧತಿ. ಆರು ತಿಂಗಳಿಗೆ ಅನ್ನ ಉಣಿಸುವ ದಿನ, ಅನ್ನಕ್ಕೂ ಮುಂಚೆ, ಮನೆಯ ಹಿರಿಯ ಹೆಂಗಸು ಒರತೆಗೆ ಹೋಗಿ ಒಳಲೆಯಲ್ಲಿ, ಅಂದರೆ ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲಲ್ಲಿ, ನೀರು ತುಂಬಿ ತಂದು ಮಗುವಿನ ಬಾಯಿಗೆ ಮೂರು ಗುಟುಕು ಬಿಡಬೇಕು. ಎದೆಹಾಲು ಬಿಟ್ಟರೆ ಮಗು ಈ ಲೋಕದಿಂದ ಪಡೆಯುವ ಮೊದಲ ವಸ್ತು ಅದು. ನನ್ನ ಗಂಡ ಹಾಗೆ ಕುಡಿದವರು, ನನ್ನ ಮಾವನೂ ಹಾಗೆಯೇ. ನನ್ನ ಮಗಳಿಗೆ ಅತ್ತೆ ಕುಡಿಸಿದಾಗ ಅವಳು ಮೂರನೆಯ ಗುಟುಕಿಗೆ ಮುಖ ಸಿಂಡರಿಸಿ ಸೀನಿದಳು. "ಒಪ್ಕಂಡ್ಳು ಕಣೇ, ಇನ್ನು ಇವ್ಳು ಎಲ್ಲೋದ್ರೂ ಈ ನೀರು ಬುಡಲ್ಲ" ಎಂದು ಅತ್ತೆ ಅವಳ ಬಾಯಿ ಒರೆಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಒರತೆ ಏಪ್ರಿಲ್ ತಿಂಗಳಲ್ಲೂ ಬತ್ತದಿರಲು ಅತ್ತೆಯ ಹಟ ಕಾರಣ. ಕಾಫಿ ಸಾಲುಗಳ ನಡುವೆ, ಇಳಿಜಾರಿಗೆ ಅಡ್ಡವಾಗಿ, ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಗುಂಡಿಗಳನ್ನು ಪ್ರತಿ ವರ್ಷ ತೋಡಿಸುತ್ತಿದ್ದರು. ತೊಟ್ಟಿಲಿನ ಹಾಗೆ ಕಾಣುವುದರಿಂದ ಅವಕ್ಕೆ ತೊಟ್ಟಿಲು ಗುಂಡಿ ಎಂದೇ ಹೆಸರು. ಮಳೆಯ ನೀರು ಓಡಿಹೋಗದೆ ಅಲ್ಲಿ ನಿಂತು ಇಂಗುತ್ತದೆ. ತರಗೆಲೆ, ಕಿತ್ತ ಕಳೆ ಎಲ್ಲ ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. "ಗುಂಡಿಗೆ ಬಿದ್ದ ನೀರು ಕೆಳಗ್ ಹೋಗಿ ನಮ್ ಒರತೇಲೇ ಏಳ್ತದೆ" ಎಂದು ಅತ್ತೆ ನೂರು ಸಲ ಹೇಳಿದ್ದಾರೆ. ನಾನು ನೂರು ಸಲ ಹೂಂಗುಟ್ಟಿದ್ದೇನೆ.

ನಾನು ಬಂದ ಹೊಸತರಲ್ಲಿ ಕಾಫಿ ಸಸಿಗಳನ್ನು ವಾಟೆಯ ಪುಟ್ಟ ಬುಟ್ಟಿಗಳಲ್ಲಿ ಬೆಳೆಸುತ್ತಿದ್ದರು. ವಾಟೆ ಎಂದರೆ ಹಳ್ಳದ ಬದಿಯಲ್ಲಿ ಬೆಳೆಯುವ ಸಣಕಲು ಬಿದಿರು. ಬುಟ್ಟಿ ಸಮೇತ ಸಸಿಯನ್ನು ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರೆ ಮುಂದಿನ ಮಳೆಗಾಲದೊಳಗೆ ಬುಟ್ಟಿ ಮಣ್ಣಾಗಿರುತ್ತಿತ್ತು. ಆದರೆ ಆ ಬುಟ್ಟಿಗಳು ಅಂಕುಡೊಂಕು, ಒಂದರ ಹಾಗೆ ಇನ್ನೊಂದಿಲ್ಲ, ಎತ್ತಿದರೆ ತಳ ಕಳಚುತ್ತಿತ್ತು, ಅಂಗಳವೆಲ್ಲ ಮಣ್ಣು. ನನಗೆ ಮೈ ಉರಿಯುತ್ತಿತ್ತು. ಹಾಗಿರುವಾಗ ಒಂದು ದಿನ ನಮ್ಮ ಮನೆಯವರು ಸಕಲೇಶಪುರದ ಪೇಟೆಯಿಂದ ಒಂದು ಕಟ್ಟು ಕಪ್ಪು ಪಾಲಿಥಿನ್ ಚೀಲ ತಂದರು. ಎಲ್ಲ ಒಂದೇ ಅಳತೆ, ಎಲ್ಲ ನುಣುಪು, ತಳದಲ್ಲಿ ಸಾಲಾಗಿ ತೂತು. ನಾನು ಒಂದನ್ನು ಮೂಗಿಗೆ ಹಿಡಿದು ವಾಸನೆ ನೋಡಿದೆ. ಹೊಸ ಛತ್ರಿಯ ವಾಸನೆ ಬಂತು. ನನಗೆ ಆ ವಾಸನೆ ಇಷ್ಟವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೂ ಇಷ್ಟವಾಗಿತ್ತು.

ಆ ಚೀಲಗಳಿಗೆ ಎಲ್ಲರ ಬಾಯಲ್ಲೂ ಪ್ಯಾಕೆಟ್ ಎಂಬ ಹೆಸರು ಬಿತ್ತು. ಹಣ್ಣು ಕುಯ್ಲು ಮುಗಿದ ಮೇಲೆ ಪ್ಯಾಕೆಟ್ ತುಂಬುವ ಕೆಲಸ. ಕಾಡುಮಣ್ಣು, ಜರಡಿ ಹಿಡಿದ ಸಗಣಿ ಗೊಬ್ಬರ, ಒಂದಿಷ್ಟು ಮರಳು ಕಲಸಿ ರಾಶಿ ಹಾಕಿಕೊಂಡು ಹೆಂಗಸರೆಲ್ಲ ಸುತ್ತ ಕೂರುತ್ತಿದ್ದೆವು. ಮನೆಯ ಯಜಮಾನಿ ಆಳುಗಳ ಜೊತೆ ನೆಲದ ಮೇಲೆ ಕೂರುವುದು ಆಗ ಅಷ್ಟು ರೂಢಿಯಲ್ಲಿರಲಿಲ್ಲ. ನಾನು ಕೂತೆ, ಯಾಕೆಂದರೆ ಬೇರೆಯವರು ತುಂಬಿದ ಪ್ಯಾಕೆಟ್ ಸೊಟ್ಟಗಿರುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಲೈನಿನ ಕೊನೆಯ ಮನೆಯವಳು. ನಾನು ಮದುವೆಯಾಗಿ ದೊಡ್ಡ ಮನೆಗೆ ಬಂದ ವರ್ಷವೇ ಅವಳೂ ಮದುವೆಯಾಗಿ ಲೈನಿಗೆ ಬಂದವಳು. ಕೈ ಎಷ್ಟು ಚುರುಕೆಂದರೆ, ಎರಡು ಬೆರಳಲ್ಲಿ ಪ್ಯಾಕೆಟ್ಟಿನ ಬಾಯಿ ಬಿಡಿಸಿ, ಎರಡು ಬೊಗಸೆ ಮಣ್ಣು ತುಂಬಿ, ನೆಲಕ್ಕೆ ಒಮ್ಮೆ ಕುಕ್ಕಿದರೆ ಮುಗಿಯಿತು. ಅವಳನ್ನು ಸೋಲಿಸಬೇಕೆಂಬುದೇ ನನ್ನ ಹಟ.

"ಅಮ್ಮಾರೇ, ನಿಮ್ದು ಅಂದ, ನಂದು ಚಂದ" ಎಂದು ಅವಳು ಕಿಚಾಯಿಸುತ್ತಿದ್ದಳು.

"ಹೋಗೇ, ನಿಂದು ಹೊಟ್ಟೆ ಬಂದ ಪೊಲೀಸಿನ್ ತರ ಐತೆ" ಎಂದರೆ ಸುತ್ತ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಮಧ್ಯಾಹ್ನ ನಮ್ಮ ಮನೆಯ ಅಕ್ಕಿರೊಟ್ಟಿ, ಅವಳ ಮನೆಯ ಸೊಪ್ಪಿನ ಪಲ್ಯ ಅದಲುಬದಲಾಗುತ್ತಿದ್ದವು. ಹಿತ್ತಲಿಗೆ ಇಳಿಯುವ ನೀರಿಗೆ ಇಬ್ಬರೂ ಬಾಯಿ ಕೊಟ್ಟು ಕುಡಿಯುತ್ತಿದ್ದೆವು. ನಾನು ಬಸುರಿಯಾದ ವರ್ಷ ಅವಳೂ ಬಸುರಿ. ಇಬ್ಬರೂ ಹೊಟ್ಟೆ ಅಡ್ಡ ಬರುತ್ತದೆಂದು ಕಾಲು ಚಾಚಿಕೊಂಡು ಪ್ಯಾಕೆಟ್ ತುಂಬಿದೆವು. ಕಾಫಿ ಬೀಜ ಮೊಳೆತು, ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತುಕೊಂಡು ನಿಂತಾಗ ಅದನ್ನು ಪಾತಿಯಿಂದ ಕಿತ್ತು ಪ್ಯಾಕೆಟ್ಟಿಗೆ ನೆಡಬೇಕು. ಚಪ್ಪರದ ಕೆಳಗೆ ಸಾವಿರಾರು ಟೋಪಿಗಳು ಸಾಲಾಗಿ ನಿಂತದ್ದನ್ನು ನೋಡಲು ನಾನು ಸಂಜೆ ಸುಮ್ಮನೆ ಒಂದು ಸುತ್ತು ಹೋಗಿಬರುತ್ತಿದ್ದೆ. ನನ್ನ ಜೀವನದಲ್ಲಿ ನಾನು ಅಷ್ಟು ಸಂತೋಷವಾಗಿದ್ದ ದಿನಗಳು ಬೇರೆ ಇಲ್ಲ.

ಜೂನ್ ಮಳೆ ಹಿಡಿದ ಮೇಲೆ ನೆಡುವುದು. ಅರ್ಧ ಬ್ಲೇಡಿನಿಂದ ಪ್ಯಾಕೆಟ್ ಸೀಳಿ, ಸಸಿಯನ್ನು ಮಣ್ಣಿನ ಮುದ್ದೆಯ ಸಮೇತ ಗುಂಡಿಗಿಟ್ಟು, ಸೀಳಿದ ಪ್ಯಾಕೆಟ್ಟನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ನಾಲ್ಕು ದಿನಕ್ಕೆ ತೋಟದ ತುಂಬ ಕಪ್ಪು ಚಿಂದಿ. ಗಾಳಿಗೆ ಗಿಡಗಳಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ವರ್ಷ ನಮ್ಮ ಹಸುವೊಂದು ಅದನ್ನು ತಿಂದು, ಹೊಟ್ಟೆ ಉಬ್ಬರಿಸಿ, ಮೂರು ದಿನ ಒದ್ದಾಡಿ ಸತ್ತಿತು. ಸುಡೋಣವೆಂದರೆ ಮಳೆ, ಬೆಂಕಿಯೇ ಹತ್ತದು. ಹತ್ತಿದರೆ ಹೊಗೆಯ ನಾತ ಅಡುಗೆಮನೆಯವರೆಗೂ. ಆಗ ನನ್ನ ತಲೆಗೆ ಹೊಳೆಯಿತು. "ಎಲ್ಲ ಆಯ್ದು ತೊಟ್ಟಿಲು ಗುಂಡಿಗೆ ಹಾಕಿ, ಮೇಲೆ ತರಗು ಮುಚ್ಚಿ" ಎಂದೆ. ನಾನೇ ಮುಂದೆ ನಿಂತೆ. ನನ್ನ ಜೊತೆಗಾತಿ ಬುಟ್ಟಿ ಹೊತ್ತು ತಂದು ಸುರಿದಳು, ನಾನು ಕಾಲಲ್ಲಿ ತುಳಿದು ಮುಚ್ಚಿದೆ. ಎರಡು ದಿನದಲ್ಲಿ ತೋಟ ಕನ್ನಡಿಯಾಯಿತು. ನಮ್ಮ ಮನೆಯವರು ನೋಡಿ, "ಭೇಷ್, ಏನ್ ತಲೆ ನಿಂದು!" ಎಂದರು. ಸುತ್ತಮುತ್ತಲಿನ ಒಂದೆರಡು ತೋಟದವರೂ ಬಂದು ನೋಡಿಕೊಂಡು ಹೋಗಿ ಹಾಗೆಯೇ ಮಾಡಿದರು. ನನಗೆ ಆಗ ಬಂದ ಗರ್ವ ಅಷ್ಟಿಷ್ಟಲ್ಲ.

ಹಾಗೆ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ. ಗುಂಡಿಯಲ್ಲಿ ಕೊಳೆತ ಮಣ್ಣು ಒಳ್ಳೆಯ ಗೊಬ್ಬರವೆಂದು ಅದನ್ನೇ ಗುದ್ದಲಿಯಲ್ಲಿ ಎತ್ತಿ, ಜರಡಿ ಹಿಡಿದು, ಮತ್ತೆ ಹೊಸ ಪ್ಯಾಕೆಟ್ಟಿಗೆ ತುಂಬುತ್ತಿದ್ದೆವು. ಪ್ರತಿ ವರ್ಷ ಗುದ್ದಲಿ ಏಟಿಗೆ ಹಳೆಯ ಚಿಂದಿ ಇನ್ನಷ್ಟು ಚಿಂದಿಯಾಗುತ್ತಿತ್ತು. ಜರಡಿಯ ಮೇಲೆ ಉಳಿದದ್ದನ್ನು ಗುಂಡಿಗೇ ವಾಪಸು ಹಾಕುತ್ತಿದ್ದೆವು. ಕ್ರಮೇಣ ಜರಡಿಯ ಮೇಲೆ ಉಳಿಯುವುದು ಕಡಿಮೆಯಾಯಿತು. "ನೋಡಿದ್ರಾ, ಮಣ್ಣು ತಿಂದ್ಬುಡ್ತು" ಎಂದೆ ನಾನು. ಗುಂಡಿಯ ನೀರು ಒರತೆಗೆ ಬರುತ್ತದೆಂಬುದು ನಮಗೆಲ್ಲ ಬಾಯಿಪಾಠ. ಆ ನೀರಿನ ಜೊತೆ ಇನ್ನೇನು ಬರಬಹುದೆಂದು ಒಬ್ಬರಾದರೂ, ಒಂದು ಸಲವಾದರೂ ಯೋಚಿಸಲಿಲ್ಲವಲ್ಲ!

ಈಗ ಅತ್ತೆಗೆ ತೊಂಬತ್ತರ ಹತ್ತಿರ. ಕಣ್ಣು ಮಂಜು, ಬಾಯಿ ಮಾತ್ರ ಹಳೆಯದೇ. ಬಿದಿರಿನ ದಬ್ಬೆಯ ಜಾಗಕ್ಕೆ ಕಪ್ಪು ಪೈಪು ಬಂದು ಎಷ್ಟೋ ಕಾಲವಾಯಿತು. ಹಾಸನದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳುವ ನನ್ನ ಮಗಳು ಬಾಣಂತನಕ್ಕೆಂದು ಬಂದವಳು ಇಲ್ಲೇ ಇದ್ದಾಳೆ. ಮೊಮ್ಮಗಳಿಗೆ ಆರು ತಿಂಗಳು ತುಂಬುವುದನ್ನು ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು. "ಈ ಕೂಸಿಗೆ ನೀರ್ ಬುಟ್ಟು ನಾನು ಹೊಂಟೋಯ್ತೀನಿ" ಎಂಬುದು ಅವರ ದಿನದ ಪಲ್ಲವಿ. ಅದಕ್ಕೂ ಮುಂಚೆ ತೊಟ್ಟಿಯ ಹೂಳೆತ್ತಿ ಚೊಕ್ಕ ಮಾಡಬೇಕೆಂದು ನನಗೆ ಅಪ್ಪಣೆಯಾಯಿತು. ಚೊಕ್ಕ ಮಾಡುವುದೆಂದರೆ ನನಗೆ ಹೇಳಿಸಿಕೊಳ್ಳಬೇಕೆ?

ತೊಟ್ಟಿಯ ನೀರು ಬಿಟ್ಟು, ತಳದ ಹೂಳನ್ನು ಬೊಗಸೆಯಲ್ಲಿ ಎತ್ತಿದೆ. ಬಿಸಿಲು ಬಿದ್ದ ಕಡೆ ಬೊಗಸೆಯಲ್ಲಿ ಏನೋ ಮಿಣಕ್ಕೆಂದಿತು. ಕಾಗೆಬಂಗಾರ ಇರಬೇಕೆಂದುಕೊಂಡು ಬೆರಳಲ್ಲಿ ತಿಕ್ಕಿದೆ. ಕರಗಲಿಲ್ಲ, ಪುಡಿಯಾಗಲೂ ಇಲ್ಲ. ಇನ್ನೊಂದು ಬೊಗಸೆಯಲ್ಲಿ ಇನ್ನಷ್ಟು, ಕಪ್ಪಗೆ, ರಾಗಿ ಕಾಳಿನಷ್ಟು, ಅದಕ್ಕಿಂತ ಸಣ್ಣ. ತೊಟ್ಟಿಯ ಮೇಲಿನ ಏರಿಯಲ್ಲಿ ಏಡಿಯ ಬಿಲಗಳಿವೆ. ಒಂದು ಬಿಲದ ಬಾಯಲ್ಲಿ ಉಗುರಿನಗಲದ ಕಪ್ಪು ಚೂರು, ಅದರ ಅಂಚಿನಲ್ಲಿ ಅರ್ಧ ಉಳಿದ ತೂತು. ಆ ತೂತು ನೋಡಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೈಯಿಂದ ಎಣಿಸಲಾಗದಷ್ಟು ಪ್ಯಾಕೆಟ್ ತುಂಬಿದವಳು ನಾನು.

ಮಗಳಿಗೆ ತೋರಿಸಿದೆ. ಅವಳು ಹಿತ್ತಲ ಪೈಪಿನ ಬಾಯಿಗೆ ತನ್ನ ಅಪ್ಪನ ಬಿಳಿ ಪಂಚೆಯ ತುಂಡು ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ನೀರು ಬಿಟ್ಟಳು. ಬಿಚ್ಚಿದಾಗ ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿ.

"ಸಿಕ್ಕಿತಲ್ಲ, ಇನ್ಮೇಲೆ ಬಟ್ಟೇಲಿ ಸೋಸಿ ಕುಡಿಯೋಣ" ಎಂದೆ.

"ಬಟ್ಟೇಲಿ ನಿಂತಿದ್ದು ಕಣ್ಣಿಗೆ ಕಾಣೋದು ಅಮ್ಮ. ಬಟ್ಟೆ ದಾಟಿ ಹೋಗಿದ್ದು ಕಾಣಲ್ಲ."

"ಕಾಯಿಸಿದ್ರೆ?"

"ಕ್ರಿಮಿ ಆದ್ರೆ ಸಾಯುತ್ತೆ. ಇದಕ್ಕೆ ಜೀವ ಎಲ್ಲಿದೆ, ಸಾಯೋಕೆ?"

"ಪೇಟೆಯಿಂದ ಬಾಟ್ಲಿ ನೀರು ತರಿಸ್ತೀನಿ ಹಂಗಾದ್ರೆ."

ಅವಳು ನಕ್ಕಳು, ಆದರೆ ಖುಷಿಯ ನಗುವಲ್ಲ. "ಬಾಟಲೀನೇ ಪ್ಲಾಸ್ಟಿಕ್ ಅಲ್ವೇನಮ್ಮ."

ಮಗುವಿಗೆ ಏನಾಗುತ್ತದೆ ಎಂದು ಕೇಳಿದೆ. ಅವಳು ಮಗುವಿನ ಕಾಲು ಸವರಿದಳು. ಮನುಷ್ಯರ ರಕ್ತದಲ್ಲೂ ಇದು ಸಿಕ್ಕಿದೆಯಂತೆ, ಹೆತ್ತವಳ ಮಾಸಿನಲ್ಲೂ ಸಿಕ್ಕಿದೆಯಂತೆ. ಮೀನು, ಏಡಿಗಳ ಹೊಟ್ಟೆಗೆ ಹೋಗಿ ಅಲ್ಲಿಂದ ತಿಂದವರ ಹೊಟ್ಟೆಗೂ ಬರುತ್ತದಂತೆ. ಒಳಗೆ ಹೋಗಿ ಏನು ಮಾಡುತ್ತದೆಂದು ಪೂರ್ತಿ ಇನ್ನೂ ಯಾರಿಗೂ ತಿಳಿದಿಲ್ಲ, ಒಳ್ಳೆಯದನ್ನಂತೂ ಮಾಡಲಾರದು ಎಂದಳು. "ಗೊತ್ತಿಲ್ಲದೆ ಕುಡಿದಿದ್ದು ಬೇರೆ ಅಮ್ಮ. ಗೊತ್ತಿದ್ದೂ ನನ್ ಮಗು ಬಾಯಿಗೆ ಬಿಡೋಕೆ ನಂಗಾಗಲ್ಲ." ನಾನು ಹೂಂ ಎಂದೆ. ಅಜ್ಜಿಗೆ ನಾನೇ ಹೇಳುತ್ತೇನೆ ಎಂದೂ ಅಂದೆ.

ಹೇಳಲಿಲ್ಲ. ಮರುದಿನದಿಂದ ಮನೆಯವರೂ ನಾನೂ ಒರತೆಯ ಮೇಲಿನ ಗುಂಡಿಗಳನ್ನು ಅಗೆಯಲು ಹೊರಟೆವು. ಮೇಲಿನ ಪದರದಲ್ಲಿ ಈಚಿನ ವರ್ಷಗಳದ್ದು ಇಡಿಯಾಗಿಯೇ ಸಿಕ್ಕಿತು, ಮೂಟೆ ತುಂಬಿದೆವು. ಅದರ ಕೆಳಗಿನದು ಮುಟ್ಟಿದರೆ ಹಪ್ಪಳದ ಹಾಗೆ ಚೂರಾಗುತ್ತಿತ್ತು. ಇನ್ನೂ ಕೆಳಗೆ ಮಣ್ಣು ಯಾವುದು, ಪ್ಯಾಕೆಟ್ ಯಾವುದು ತಿಳಿಯುತ್ತಿರಲಿಲ್ಲ. ಆಯ್ದರೆ ಎಷ್ಟು ಆಯ್ದಾರು? ಗುಂಡಿಯ ಅಂಚಿನಲ್ಲಿ ಕೂತು ನಾನು ಅತ್ತುಬಿಟ್ಟೆ. ಮನೆಯವರು ಗುದ್ದಲಿ ಊರಿಕೊಂಡು, "ಭೇಷ್ ಅಂದವ್ನು ನಾನೇ ಅಲ್ವಾ, ಸುಮ್ನಿರು" ಎಂದರು. ವಿಚಿತ್ರವೆಂದರೆ ಆ ಹಳೆಯ ಚಿಂದಿ ಕೈಗೆ ಸಿಕ್ಕಾಗ ನನಗೆ ಕಣ್ಮುಂದೆ ಬಂದದ್ದು ಬಿಸಿಲಿನಲ್ಲಿ ಸುತ್ತ ಕೂತ ಹೆಂಗಸರು, ಅವರ ನಗು, ಕಾಲು ಚಾಚಿ ಕೂತ ನಾವಿಬ್ಬರು ಬಸುರಿಯರು. ಹಾಳಾದ ನೆನಪಿಗೆ ತಪ್ಪು ಸರಿ ಗೊತ್ತಾಗುವುದಿಲ್ಲ.

ಕೊನೆಗೆ, ಅನ್ನ ಉಣಿಸುವುದಕ್ಕೆ ಎರಡು ದಿನ ಉಳಿದಾಗ, ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಗುಂಡಿಗೆ ಹಾಕ್ಸಿದ್ದು ನೀನು. ಜಗಲಿ ಮೇಲೆ ಕೂತು ನೋಡ್ಕಂಡು, ತೋಟ ಎಷ್ಟ್ ಚೊಕ್ಕಾಯ್ತು ಅಂದವ್ಳು ನಾನು" ಎಂದರು. ಆಮೇಲೆ, "ಕೂಸಿಗೆ ಆ ನೀರ್ ಬ್ಯಾಡ. ಯಾರ್ ಮನೇಲಿ ಒಳ್ಳೆ ನೀರೈತೋ ಹೋಗಿ ಇಸ್ಕಂಡ್ ಬಾ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಬಂದವರಿಗೆಲ್ಲ ನೀರು ಕೊಟ್ಟು ಹೊಗಳಿಸಿಕೊಂಡ ಹೆಂಗಸು ಬೇರೆಯವರ ಮನೆಯ ನೀರು ಕೇಳುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನನಗೆ ನೆನಪಾದದ್ದು ನನ್ನ ಪ್ಯಾಕೆಟ್ ಜೊತೆಗಾತಿ. ಅವಳೀಗ ಲೈನಿನಲ್ಲಿಲ್ಲ. ಗುಡ್ಡದಾಚೆ ಪಂಚಾಯ್ತಿ ಕೊಟ್ಟ ಜಾಗದಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಾಳೆ, ಮನೆಯ ಹಿಂದೆ ಬಾವಿ. ಬಾವಿಯ ಮೇಲಿನ ಇಳಿಜಾರಿನಲ್ಲಿ ಬರೀ ಕಾಡು, ತೋಟವಿಲ್ಲ, ನರ್ಸರಿಯಿಲ್ಲ. ಅವಳ ಮಗ, ಸೊಸೆ ಮಾತ್ರ ನಮ್ಮಲ್ಲೇ ಕೆಲಸಕ್ಕಿದ್ದು ಲೈನಿನ ಅದೇ ಕೊನೆಯ ಮನೆಯಲ್ಲಿದ್ದಾರೆ. ಮರುದಿನ ಬೆಳಿಗ್ಗೆ ಒಂದು ತಾಮ್ರದ ಚೆಂಬು ಹಿಡಿದು ಗುಡ್ಡ ಹತ್ತಿದೆ.

ನನ್ನನ್ನು ನೋಡಿ ಅವಳಿಗೆ ಹಿಗ್ಗೋ ಹಿಗ್ಗು. ಚಾಪೆ ಹಾಸಿದಳು, ಬೆಲ್ಲ ತಂದಿಟ್ಟಳು. ಮೊಮ್ಮಗಳಿಗೆ ಮೊದಲ ನೀರು ನಿಮ್ಮ ಬಾವಿಯಿಂದ ಬೇಕು ಎಂದಾಗ, "ದೊಡ್ಮನೆ ಕೂಸಿಗೆ ನಮ್ ಮನೆ ನೀರಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಚೆಂಬನ್ನು ಬೂದಿ ಹಾಕಿ ಬೆಳಗಿ, ನೀರು ಸೇದಿ ತುಂಬಿದಳು. ಆಮೇಲೆ, "ಅಲ್ಲ ಅಮ್ಮಾರೇ, ನಿಮ್ ಒರತೆಗೆ ಏನಾಯ್ತು?" ಎಂದಳು.

ಹೇಳಿದೆ. ಗುಂಡಿ, ಪ್ಯಾಕೆಟ್, ತೊಟ್ಟಿಯ ಹೂಳು, ಪಂಚೆಯ ಮೇಲಿನ ಚುಕ್ಕಿ, ಮಗಳ ಮಾತು, ಒಂದನ್ನೂ ಬಿಡದೆ ಹೇಳಿದೆ. ನಾವಿಬ್ಬರೂ ಸೇರಿ ಮಾಡಿದ್ದಲ್ಲವೇ, ಅವಳ ಮುಂದೆ ಅಳಬಹುದೆಂದು ಅತ್ತೂಬಿಟ್ಟೆ. ಅವಳು ಅಳಲಿಲ್ಲ. ಬಾವಿಕಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತು ಕೇಳಿದಳು.

"ಇದು ಯಾವತ್ತು ಗೊತ್ತಾಯ್ತು ಅಮ್ಮಾರೇ?"

"ಹತ್ತು ದಿನ ಆಯ್ತು ಕಣೇ."

"ಲೈನಿಗೆ ಬರೋದೂ ಅದೇ ನೀರಲ್ವಾ?"

ಹೌದೆಂದು ತಲೆಯಾಡಿಸಿದೆ.

"ನನ್ ಮೂರು ಮಕ್ಳೂ ಅದನ್ನೇ ಕುಡ್ದು ಬೆಳ್ದವು. ಅದು ಹೋಗ್ಲಿ, ಆವಾಗ ಯಾರಿಗ್ ಗೊತ್ತಿತ್ತು. ನನ್ ಸೊಸೆ ಈಗ ಬಸುರಿ ಅವ್ಳೆ ಅಮ್ಮಾರೇ. ಈ ಹತ್ ದಿನ್ದಲ್ಲಿ ಅವ್ಳಿಗೆ ಯಾರಾದ್ರೂ ಹೇಳಿದ್ರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ಯಾರೂ ಹೇಳಿಲ್ಲ ಎಂದೆ. ನಾನು ಹತ್ತು ದಿನವೂ ನನ್ನ ಮೊಮ್ಮಗಳ ಮೂರು ಗುಟುಕಿನ ಚಿಂತೆಯಲ್ಲೇ ಇದ್ದೆ. ಆ ಹತ್ತು ದಿನವೂ ಅವಳ ಸೊಸೆ ನನ್ನ ಕಣ್ಣೆದುರೇ ಲೈನಿನ ನಲ್ಲಿಯಲ್ಲಿ ಕೊಡ ತುಂಬಿಕೊಂಡು ಹೋಗುತ್ತಿದ್ದಳು. ಒಂದು ದಿನ ಅವಳ ಕೊಡಕ್ಕೆ ಮಸಿ ಹತ್ತಿದೆ, ಬೆಳಗಬಾರದೇನೇ ಎಂದು ಗದರಿಯೂ ಇದ್ದೆ.

ಅವಳು ಚೆಂಬನ್ನು ನನ್ನ ಕೈಗಿಟ್ಟಳು. "ಕೂಸಿಗೆ ಕೊಡಿ. ಅದ್ರದ್ದೇನು ತಪ್ಪು" ಎಂದಳು.

ಗುಡ್ಡ ಇಳಿದು ಬಂದು ನಾನು ಮನೆಯ ದಾರಿ ಹಿಡಿಯಲಿಲ್ಲ. ನೇರ ಲೈನಿಗೆ ಹೋದೆ. ಕೊನೆಯ ಮನೆಯ ಹೊಸ್ತಿಲ ಮೇಲೆ ಅವಳ ಸೊಸೆ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ಪಕ್ಕ ನೆಲದ ಮೇಲೆ ಕೂತು, ಚೆಂಬನ್ನು ಅವಳ ಮುಂದಿಟ್ಟು, ಮೊದಲು ಇದನ್ನು ಕುಡಿ ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹತ್ತು ದಿನದಿಂದ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ.